ಮಿರಗ ಕೂಡೂದರಾಗ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಸೆಕ್ಯೂರಿಟಿ ಅಣ್ಣನ ಪ್ಲಾಸ್ಟಿಕ್ ಕುರ್ಚಿಯೊಂದಿತ್ತು. ಎರಡು ವರ್ಷದ ಹಿಂದೆ, ಆಗಸ್ಟ್‌ನ ಒಂದು ರಾತ್ರಿ, ಛಾವಣಿಯಿಂದ ಕಾಂಕ್ರೀಟಿನ ಚಕ್ಕೆ ಕಳಚಿ ಅದರ ಮೇಲೆ ಬಿತ್ತು. ರೊಟ್ಟಿಯಷ್ಟು ಅಗಲ. ಕುರ್ಚಿ ಎರಡು ತುಂಡಾಯ್ತು. ಅಣ್ಣ ಗೇಟ್ ತೆಗೆಯೋಕೆ ಎದ್ದು ಹೋಗಿದ್ದರು, ಅಷ್ಟೇ.

ಬೆಳಿಗ್ಗೆ ಎಲ್ಲರೂ "ದೇವರು ದೊಡ್ಡವನು" ಅಂದರು. ನಾನು ಸುಮ್ಮನಿದ್ದೆ. ಕಮಿಟಿಯಲ್ಲಿ ಮೇಂಟೆನೆನ್ಸ್ ನೋಡುವವನು ನಾನು. ಹಿಂದಿನ ಮಳೆಗಾಲದಲ್ಲೇ ಅಲ್ಲಿ ಬಿಳಿ ಸುಣ್ಣದ ಗೆರೆ ಇಳಿದಿತ್ತು, ಆಮೇಲೆ ಕಂದು ಕಲೆ. "ಮುಂದಿನ ವರ್ಷ ನೋಡೋಣ, ಸದ್ಯಕ್ಕೆ ಪೇಂಟ್ ಹೊಡೆಸಿ" ಅಂತ ಮೀಟಿಂಗಿನಲ್ಲಿ ತೀರ್ಮಾನವಾಯ್ತು. ಆ ಮಿನಿಟ್ಸ್ ಬರೆದವನೂ ನಾನೇ.

ಆಮೇಲೆ ಬಂದ ಎಂಜಿನಿಯರ್ ನಮ್ಮನ್ನು ಮೇಲಿನ ಗಾರ್ಡನ್‌ಗೆ ಕರೆದುಕೊಂಡು ಹೋದರು. ಡ್ರೈನಿನ ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಂತಿತ್ತು. ಜಾಯಿಂಟಿನ ಸೀಲಂಟ್ ಒಣಗಿ ಬಿರಿದಿತ್ತು. ಅಲ್ಲಿಂದ ಇಳಿದ ನೀರು ಸ್ಲ್ಯಾಬ್ ಒಳಗಿನ ಸರಳಿಗೆ ತುಕ್ಕು ಹಿಡಿಸಿತ್ತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಗಿಂದಲೇ ಕಾಂಕ್ರೀಟನ್ನು ನೂಕಿ ಸೀಳುತ್ತದೆ. ನಮ್ಮ ಪೇಂಟ್ ಮುಚ್ಚಿದ್ದು ಗುರುತನ್ನು ಮಾತ್ರ.

ಅಮೆರಿಕದ ಸರ್ಫ್‌ಸೈಡ್ ನೆನಪಿದೆಯಾ? 2021ರ ಜೂನ್ 24ರಂದು ಅಲ್ಲಿ ಅಪಾರ್ಟ್‌ಮೆಂಟ್ ಕುಸಿದು 98 ಜನ ಸತ್ತರು. ಪಾರ್ಕಿಂಗ್ ಮೇಲಿನ ಡೆಕ್‌ಗೆ ಇಳಿಜಾರಿಲ್ಲ, ನೀರು ನಿಲ್ಲುತ್ತದೆ, ವಾಟರ್‌ಪ್ರೂಫಿಂಗ್ ಕೆಟ್ಟಿದೆ ಅಂತ 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ಕುಸಿತಕ್ಕೆ ಅದೊಂದೇ ಕಾರಣವಲ್ಲ. ಆದರೆ ಆ ಡೆಕ್ಕಿನ ರಿಪೇರಿ ಶುರುವಾಗುವ ಮೊದಲೇ ಕಟ್ಟಡ ಬಿತ್ತು.

ಇದೆಲ್ಲ ಓದುವಾಗ ನನಗೆ ನೆನಪಾದದ್ದು ಅಜ್ಜ. ನಮ್ಮದು ಮುಂಡರಗಿ ಕಡೆಯ ಹಳ್ಳಿ. ಅಜ್ಜನ ಮನೆ ಮಣ್ಣಿನ ಮಾಳಿಗೆಯದು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಬೀಗರ ಹಳೇ ಮನೆಗಳೂ ಹಾಗೇ. ಪ್ರತಿ ಬೇಸಿಗೆ ಅಜ್ಜ ಮಾಳಿಗೆ ಹತ್ತಿ ಹುಲ್ಲು ಕೀಳುತ್ತಿದ್ದ, ಇಲಿ ತೋಡಿದ ತೂತು ಮುಚ್ಚುತ್ತಿದ್ದ, ಸವಳು ಮಣ್ಣು ಹೊತ್ತು ಹರವಿ, ನೀರು ಹರಿಯೋ ಕಡೆಗೆ ಇಳಿಜಾರು ಮಾಡುತ್ತಿದ್ದ. ಮನೆ ಸೋರದಿದ್ದ ವರ್ಷವೂ ಬಿಡುತ್ತಿರಲಿಲ್ಲ. ರಜೆಗೆ ಹೋದ ನಾನು, ಹೋದ ವರ್ಷ ಸೋರೇ ಇಲ್ವಲ್ಲ, ಈ ಸಲ ಯಾಕ ಅಂತ ಕೇಳಿದ್ದೆ.

"ಮಿರಗ ಕೂಡೂದರಾಗ ಮಾಳಗಿ ಕೆಲಸ ಮುಗೀಬೇಕ್ ನೋಡಪಾ. ಮಳಿ ಹತ್ತಿದ ಮ್ಯಾಲ ಮಣ್ಣ ಹ್ಯಾಂಗ ಹೊರ್ತಿ?"

ಮಿರಗ ಅಂದ್ರೆ ಮೃಗಶಿರಾ ಮಳೆ, ಜೂನ್ 7-8ರ ಸುಮಾರಿಗೆ ಕೂಡುತ್ತೆ. ಅಜ್ಜನ ಹತ್ರ ಒಂದು ತಾರೀಖಿತ್ತು. ಎಕ್ಸೆಲ್ ಶೀಟ್ ಇಟ್ಟುಕೊಂಡ ನಮ್ಮ ಹತ್ರ ಇದ್ದದ್ದು "ಮುಂದಿನ ವರ್ಷ."

ಈಗ ನಮಗೂ ತಾರೀಖಿದೆ. ಏಪ್ರಿಲ್‌ನಲ್ಲಿ ಛಾವಣಿ, ಕಂಬಗಳನ್ನೆಲ್ಲ ಸುತ್ತಿಗೆಯಿಂದ ತಟ್ಟಿ ನೋಡೋದು. ಗಟ್ಟಿ ಇದ್ದರೆ ಟಣ್ ಅನ್ನುತ್ತೆ, ಪೊಳ್ಳಾಗಿದ್ದರೆ ಡಬ್. ಡಬ್ ಅಂದಲ್ಲಿ ಚಾಕ್‌ನಿಂದ ಸುತ್ತು ಹಾಕಿ, ತಾರೀಖು ಬರೆದು ಫೋಟೋ. ಪೊಳ್ಳು ಭಾಗ ಕೆಡವಿ, ಸರಳಿನ ತುಕ್ಕು ತೆಗೆದ ಮೇಲೇ ಪ್ಲಾಸ್ಟರ್. ಮೇ ತಿಂಗಳಲ್ಲಿ, ಎಲ್ಲ ಒಣಗಿರುವಾಗ, ಜಾಯಿಂಟ್ ಸೀಲಂಟ್ ಮತ್ತು ಡ್ರೈನ್ ಕ್ಲೀನಿಂಗ್. ಮಳೆಗಾಲದಲ್ಲಿ ಹೊಸ ಕಲೆ ಕಂಡರೆ ಬರೆದಿಟ್ಟು ಮೇಲೆ ಹೋಗಿ ನೀರಿನ ಮೂಲ ಹುಡುಕೋದು. ಪೇಂಟ್ ಮುಟ್ಟೋ ಹಾಗಿಲ್ಲ. ತಿಂಗಳ ಮೇಂಟೆನೆನ್ಸ್‌ನಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗುತ್ತೆ. ಜಿಮ್‌ಗೆ ಟ್ರೆಡ್‌ಮಿಲ್ ಬೇಕು ಅಂದರೂ ಅದರಿಂದ ದುಡ್ಡು ಸಿಗಲ್ಲ.

ಕ್ಯಾಲೆಂಡರ್ ರಿಮೈಂಡರ್‌ಗೆ "ಮಿರಗ" ಅಂತ ಹೆಸರಿಟ್ಟೆ. "ಯಾರು ಇವರು, ಹೊಸ ಕಾಂಟ್ರಾಕ್ಟರಾ?" ಅಂತ ಟ್ರೆಷರರ್ ಕೇಳಿದರು.

ಸೆಕ್ಯೂರಿಟಿ ಅಣ್ಣನಿಗೆ ಹೊಸ ಕುರ್ಚಿ ಕೊಟ್ಟಿದ್ದೇವೆ. ಅದನ್ನವರು ರ‍್ಯಾಂಪಿನ ಹೊರಗೇ ಹಾಕಿಕೊಳ್ಳುತ್ತಾರೆ. "ರಿಪೇರಿ ಆಗಿದೆ ಅಣ್ಣಾ, ಒಳಗೆ ಕೂತ್ಕೊಳ್ಳಿ" ಅಂದೆ.

"ಇರಲಿ ಸಾರ್," ಅಂದರು, "ಇನ್ನೊಂದು ಮಳೆಗಾಲ ಹೋಗಲಿ."