ಕಾರಿನ ಮೂತಿಗೆ ಕಟ್ಟಿದ ರಟ್ಟು

ಹೋದ ಡಿಸೆಂಬರ್‌ನಲ್ಲಿ ನನ್ನ ಹಳೇ ಕಾರಿನ ಮುಂದಿನ ಜಾಲರಿಗೆ ಒಣದ್ರಾಕ್ಷಿ ಬಾಕ್ಸಿನ ರಟ್ಟು ಕಟ್ಟಿದೆ. ಇಂಡಿಯಲ್ಲಿ ಚಹಾದಂಗಡಿಯವರು ನೋಡಿ, "ಏನ್ರೀ ಸರ, ಗಾಡಿಗೂ ಮಾಸ್ಕ್ ಹಾಕೀರೇನು?" ಅಂದರು.

ನಗಲಿ ಬಿಡಿ. ನಮಗೆ ಸುದ್ದಿಗೆ ಇಷ್ಟು ಅಂತ ಲೆಕ್ಕ. ಇಂಡಿ, ಸಿಂದಗಿ, ಮುದ್ದೇಬಿಹಾಳ ತಿರುಗಿದರೆ ಬಂದ ದುಡ್ಡು ಪೆಟ್ರೋಲ್ ಬಂಕಿಗೇ ಹೋಗುತ್ತದೆ.

ಜಾಲರಿಯಲ್ಲಿ ನುಗ್ಗುವ ಗಾಳಿ ಗಾಡಿಯನ್ನು ಹಿಂದಕ್ಕೆ ತಡೆಯುತ್ತದೆ. ಅರ್ಧ ಮುಚ್ಚಿದರೆ ತಡೆ ಕಡಿಮೆ, ಚಳಿಯಲ್ಲಿ ಎಂಜಿನ್ ಬೇಗ ಬಿಸಿಯಾಗುತ್ತದೆ. ತಣ್ಣಗಿನ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಈಗಿನ ಕೆಲವು ಕಾರುಗಳಲ್ಲಿ ಕಂಪನಿಯವರೇ ಇಂಥ ಪಟ್ಟಿ ಇಟ್ಟಿರುತ್ತಾರೆ. ಎಂಜಿನ್ ಕಾದರೆ ಅವು ತಾವೇ ತೆರೆಯುತ್ತವೆ. ನನ್ನ ರಟ್ಟಿಗೆ ಆ ಬುದ್ಧಿ ಎಲ್ಲಿಂದ ಬರಬೇಕು?

ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿದೆ. ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದದ್ದು 18.6 ಆಯಿತು. ಆದರೆ ಅದೇ ವಾರ ಟೈರಿಗೂ ಗಾಳಿ ತುಂಬಿಸಿದ್ದೆ, ಯಾವುದರ ಲಾಭವೋ! ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸಿಂದಗಿ–ವಿಜಯಪುರ ಹೆದ್ದಾರಿಯಲ್ಲಿ 80ರಲ್ಲಿ ಹೋದರೆ ಏನೋ ಸಿಕ್ಕೀತು. ಹಳ್ಳಿಯ ತಗ್ಗು ರಸ್ತೆಯಲ್ಲಿ 30ರಲ್ಲಿ ಏನೂ ಇಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು. ನಾನು ರಟ್ಟು ಬಿಚ್ಚಲು ಮರೆತೆ.

ಮಾರ್ಚ್ ಕೊನೆಯಲ್ಲಿ ಅವ್ವನನ್ನು ಕೂರಿಸಿಕೊಂಡು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಹೊರಟಿದ್ದೆ. ಮಟಮಟ ಮಧ್ಯಾಹ್ನ, ಎಸಿ ಬೇರೆ ಹಚ್ಚಿದ್ದೆ. "ಏನೋ ಸುಟ್ಟ ವಾಸನಿ ಬರಾಕತ್ತೈತಿ ನೋಡಪಾ" ಅಂದಳು ಅವ್ವ. ನೋಡಿದರೆ ಬಿಸಿ ತೋರಿಸುವ ಮುಳ್ಳು ಮೇಲಿನ ಕೆಂಪು ಗೆರೆ ಮುಟ್ಟಿತ್ತು. ಬೇವಿನ ಮರದಡಿ ನಿಲ್ಲಿಸಿ, ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಟ್ರ್ಯಾಕ್ಟರಿನವನೊಬ್ಬ ಕೂಗಿದ, "ಏ, ಮುಟ್ಟಬ್ಯಾಡ್ರೀ! ಮಾರಿ ಸುಡ್ತೈತಿ!" ಒಳಗೆ ಕುದಿಯುವ ನೀರು ಒತ್ತಡದಲ್ಲಿರುತ್ತದೆ, ತೆರೆದರೆ ಮುಖಕ್ಕೇ ಚಿಮ್ಮುತ್ತದೆ. ಅವನು ಕೂಗದಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಮುಕ್ಕಾಲು ತಾಸು ಕಾದೆವು. ಬಿಸಿಲಲ್ಲಿ ಕೂತ ಅವ್ವ ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಬಾಗೇವಾಡಿಯ ಮೆಕ್ಯಾನಿಕ್ ರಟ್ಟು ಕಿತ್ತು ಕೈಗೆ ಕೊಟ್ಟ. "ಇನ್ನೆರಡು ಕಿಲೋಮೀಟರ್ ಓಡಿಸಿದ್ರ ಹೆಡ್ ಗ್ಯಾಸ್ಕೆಟ್ ಹೋಗ್ತಿತ್ರೀ. ಎಷ್ಟು ಉಳಿಸಿದ್ರಿ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂರು ತಿಂಗಳಿಗೆ ಎಂಟುನೂರು ರೂಪಾಯಿ. ಹೇಳಲಿಲ್ಲ.

ಮಾಡಿಯೇ ನೋಡುತ್ತೇನೆ ಅನ್ನುವವರು ಚಳಿಗಾಲದಲ್ಲಿ ಮಾತ್ರ ಮಾಡಿ. ಫ್ಯಾನಿನ ಎದುರಿನ ಭಾಗ ಮುಚ್ಚಬೇಡಿ, ಎಸಿ ಹಚ್ಚಬೇಡಿ. ಮುಳ್ಳಿಲ್ಲದೆ ಬರೀ ದೀಪ ಇರುವ ಗಾಡಿಗೆ ಬೇಡವೇ ಬೇಡ. ನಾನಂತೂ ಈಗ ಹದಿನೈದು ದಿನಕ್ಕೊಮ್ಮೆ ಟೈರಿನ ಗಾಳಿ ನೋಡಿಸುತ್ತೇನೆ. ರಟ್ಟು ಅವ್ವನ ಹತ್ತಿರ ಇದೆ. ಕರೆಂಟ್ ಹೋದಾಗ ಅದರಲ್ಲೇ ಗಾಳಿ ಬೀಸಿಕೊಳ್ಳುತ್ತಾಳೆ.