ನೂರರ ಲೆಕ್ಕ

ಊರ ನಾಟಕದ ವರದಿ ಪತ್ರಿಕೆಯಲ್ಲಿ ಬಂದರೆ ಕೊನೆಯ ಸಾಲನ್ನು ಓದಬೇಕಾಗಿಯೇ ಇಲ್ಲ: ಕಲಾವಿದರ ಅಭಿನಯ ಪ್ರೇಕ್ಷಕರ ಮನಸೂರೆಗೊಂಡಿತು. ಇವತ್ತು ಬೆಳಿಗ್ಗೆಯೂ ಅದೇ. ಭೀಮನ ಶ್ರುತಿ ಯಾವ ದಿಕ್ಕಿಗೆ ಹೋಗಿತ್ತು, ದ್ರೌಪದಿಯ ಅಳುವಿಗಿಂತ ಮೈಕಿನ ಅಳು ಎಷ್ಟು ಜೋರಿತ್ತು ಎಂಬ ಸೊಲ್ಲೇ ಇಲ್ಲ. ಇಷ್ಟು ಸಲ ಸೂರೆಹೋದ ಮೇಲೂ ಹಾಸನ ಜಿಲ್ಲೆಯ ಪ್ರೇಕ್ಷಕರಲ್ಲಿ ಮನಸ್ಸೆಂಬುದು ಮಿಕ್ಕಿದೆಯಲ್ಲ, ಅದೇ ಸೋಜಿಗ. ಬರೀ ಹೊಗಳಿಕೆಯಿಂದ ಕಲೆ ಬೆಳೆಯದು ಎಂದು ಉಪದೇಶ ಮಾಡಲು ನಾನು ಹೊರಟಿಲ್ಲ. ಅದು ಎಲ್ಲರಿಗೂ ಗೊತ್ತು. ನನ್ನ ತಕರಾರು ಬೇರೆ. ಹವ್ಯಾಸಿಗಳ ಕೂಟದಿಂದ ಟೀಕೆಯನ್ನು ಓಡಿಸುವವರು ಅದರ ಹಿಂದೆಯೇ ಹರಟೆಯನ್ನೂ ಓಡಿಸುತ್ತಾರೆ: ವಿಷಯಕ್ಕೆ ಬನ್ನಿ, ಬೇರೆ ಮಾತು ಬೇಡ. ಟೀಕೆಯನ್ನು ಅರಗಿಸಿಕೊಳ್ಳುವ ಶಕ್ತಿ ಬರುವುದೇ ಆ ಬೇರೆ ಮಾತಿನಿಂದ ಎಂಬುದು ಅವರಿಗೆ ಹೊಳೆದಂತಿಲ್ಲ.

ರಾಮನಾಥಪುರ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಕುರುಕ್ಷೇತ್ರ ನಾಟಕ ಕಲಿಯುವ ರೀತಿಯನ್ನೇ ನೋಡಿ. ಇಲ್ಲಿ ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾತ್ರಕ್ಕೆ ಅವನೇ ದುಡ್ಡು ಕಟ್ಟುತ್ತಾನೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಹಗಲೆಲ್ಲ ಹೊಲದಲ್ಲೋ ಅಂಗಡಿಯಲ್ಲೋ ದುಡಿದವರು ರಾತ್ರಿ ಊಟ ಮುಗಿಸಿ ಬಂದು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರುತ್ತಾರೆ. ಕೈತುಂಬ ಹಣ ಕಟ್ಟಿದ ದುರ್ಯೋಧನ ಕಂದಪದ್ಯ ಎತ್ತಿಕೊಂಡು ಮೇಲಿನ ಸ್ಥಾಯಿಯಲ್ಲಿ ಜಾರಿದನೆನ್ನಿ. ಮೇಷ್ಟ್ರು ತಿದಿ ಒತ್ತುವುದನ್ನು ನಿಲ್ಲಿಸಿ, 'ಯಜಮಾನ್ರೇ, ಶ್ರುತಿ ಬಿಟ್ರಿ. ಇನ್ನೊಂದ್ಸಲ ತಗೊಳ್ಳಿ' ಅನ್ನುತ್ತಾರೆ. ಮೂಲೆಯಲ್ಲಿ ಕೂತ ಶಕುನಿ ಕಿಸಕ್ಕೆನ್ನುತ್ತಾನೆ. ಕಾಸು ಕೊಟ್ಟು ಅನ್ನಿಸಿಕೊಂಡ ದುರ್ಯೋಧನ ಎದ್ದು ಹೋಗುವುದಿಲ್ಲ, ಯಾಕೆ? ಸ್ವಲ್ಪ ಮುಂಚೆ ಅದೇ ಶಕುನಿಯ ಜೊತೆ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿಗೆ ಕೆಜಿಗೆ ಎಷ್ಟು ಬಿತ್ತು, ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂದೆಲ್ಲ ಮಾತಾಡಿರುತ್ತಾನೆ. ಅಷ್ಟು ಸಲುಗೆ ಇರುವವನು ತೋರಿಸಿದ ತಪ್ಪು ಅವಮಾನವಾಗುವುದಿಲ್ಲ. ಹರಟೆಗೆ ಬಾಗಿಲು ಹಾಕಿದ ಕೋಣೆಯಲ್ಲಾದರೆ ಅದೇ ಮಾತು ನೆಟ್ಟಗೆ ಎದೆಗೆ ನಾಟುತ್ತದೆ.

ಘಟ್ಟದ ಕೆಳಗಿನ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ; ಎದುರು ಕೂತವನ ವಾದದಲ್ಲಿ ಹುಳುಕು ಹುಡುಕುವುದೇ ಕಲೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ವಾಲಿಯ ಪರ ನಿಂತರೆ ರಾಮನೂ ಉತ್ತರಕ್ಕೆ ತಡಕಾಡಬೇಕಿತ್ತು. 1949ರಲ್ಲಿ ಹಳ್ಳಿಯ ಹವ್ಯಾಸಿಗಳ ಕೂಟವಾಗಿ ಹುಟ್ಟಿದ ಹೆಗ್ಗೋಡಿನ ನೀನಾಸಂ, ತನ್ನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ಆಡಿದ ನಾಟಕವನ್ನು ಮರುದಿನ ಬೆಳಿಗ್ಗೆ ಎಲ್ಲರೆದುರು ಚರ್ಚೆಗಿಡುವ ರೂಢಿ ಬೆಳೆಸಿತು. ಹೀಗೆ ಮಾಡಿದರೆ ಹೊಸಬರ ಉತ್ಸಾಹ ಕುಗ್ಗುತ್ತದೆ ಎನ್ನುವವರಿದ್ದಾರೆ. ಕುಗ್ಗುತ್ತದೆ, ನಿಜ. ಆದರೆ ಪ್ರಾಕ್ಟೀಸಿನಲ್ಲಿ ನಾಲ್ಕು ಜನ ತಿದ್ದದ ಅಭಿಮನ್ಯುವನ್ನು ಸ್ಟೇಜಿನ ಮೇಲೆ ಇಡೀ ಊರು ಶಿಳ್ಳೆ ಹೊಡೆದು ತಿದ್ದುತ್ತದೆ, ಚಕ್ರವ್ಯೂಹವೇ ವಾಸಿ. ಹರಟೆ ಹೊತ್ತು ತಿನ್ನುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಹೊತ್ತು ತಿನ್ನುವ ವಿಷಯಾಂತರ ಯಾವುದೆಂದು ನಾನು ಹೇಳುತ್ತೇನೆ: ಸನ್ಮಾನ. ಅರ್ಜುನ ಗಾಂಡೀವ ಹಿಡಿದು ಸೈಡ್ ವಿಂಗಿನಲ್ಲಿ ಬೆವರುತ್ತಿರುತ್ತಾನೆ, ಬಣ್ಣ ಕುತ್ತಿಗೆಗೆ ಇಳಿಯುತ್ತಿರುತ್ತದೆ. ರಂಗದ ಮೇಲೆ ದಾನಿಗಳ ಪಟ್ಟಿ, ಹಾರ, ಶಾಲು, ಮೈಸೂರು ಪೇಟ, ಫೋಟೋಕ್ಕೆಂದು ಹಿಡಿದಿಟ್ಟ ನಗು. ಆಮೇಲೆ ಮುಖಂಡರ 'ಎರಡೇ ಮಾತು'. ಆ ಎರಡು ಮಾತು ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ನಿದ್ದೆಹೋಗಿರುತ್ತಾರೆ. ಮುಗಿಯಿತೆನ್ನುವಾಗ ತಡವಾಗಿ ಬಂದ ಇನ್ನೊಬ್ಬ ಮುಖಂಡರು. ಕೃಷ್ಣ ಸಂಧಾನಕ್ಕೆ ಹೋಗಿ ನಿಲ್ಲಿಸಲಾಗದ ಯುದ್ಧವನ್ನು ಒಂದು ಶಾಲು ನಿಲ್ಲಿಸಿಬಿಡುತ್ತದೆ. ಇದನ್ನು ಯಾರೂ ವಿಷಯಾಂತರ ಎನ್ನುವುದಿಲ್ಲ!

ಶಾಲು ಎಂದೊಡನೆ ಶಿಶುಪಾಲ ನೆನಪಾಗುತ್ತಾನೆ. ರಾಜಸೂಯದ ಅಗ್ರಪೂಜೆಯೂ ಒಂದು ಸನ್ಮಾನವೇ ತಾನೆ? ವ್ಯಾಸರು, ದ್ರೋಣರು, ಅಷ್ಟೊಂದು ಅರಸರು ಕೂತಿರುವಾಗ ಕೃಷ್ಣನಿಗೇಕೆ ಮೊದಲ ಪೂಜೆ ಎಂದು ಅವನು ಕೇಳಿದ್ದರಲ್ಲಿ ತಪ್ಪೇನೂ ಕಾಣದು. ಉತ್ತರ ಹೇಳಬಹುದಾದ ಪ್ರಶ್ನೆ. ಭೀಷ್ಮ ಹೇಳಿಯೂ ಹೇಳಿದ. ಆಮೇಲೆ ಆತ ಭೀಷ್ಮನ ಬ್ರಹ್ಮಚರ್ಯವನ್ನೇ ಹಂಗಿಸಲು ತೊಡಗಿದನಲ್ಲ, ಟೀಕೆ ಬೈಗುಳಕ್ಕೆ ತಿರುಗಿದ್ದು ಅಲ್ಲಿ. ಹಾಗಿದ್ದೂ ಕೃಷ್ಣ ಅವಸರಪಡಲಿಲ್ಲ. ನೂರು ತಪ್ಪು ಮನ್ನಿಸುವುದಾಗಿ ಸೋದರತ್ತೆಗೆ ಮಾತು ಕೊಟ್ಟಿದ್ದ, ಲೆಕ್ಕ ತುಂಬುವ ತನಕ ಕಾದ. ಚಕ್ರ ಕೈಯಲ್ಲಿದ್ದವನಿಗೇ ಅಷ್ಟು ತಾಳ್ಮೆಯಿತ್ತು. ನಮ್ಮ ಸಂಘಗಳ ಕಾರ್ಯದರ್ಶಿಗಳಿಗೆ ಎರಡನೆಯ ಪ್ರಶ್ನೆಗೇ ಚಕ್ರ ಬೇಕು. ಅಂದಹಾಗೆ, ಆ ನೂರರಲ್ಲಿ ಮೊದಲ ಪ್ರಶ್ನೆಯನ್ನೂ ತಪ್ಪೆಂದೇ ಎಣಿಸಿದರೋ? ಎಣಿಸಿದ್ದರೆ ಶಿಶುಪಾಲನಿಗೆ ಒಂದು ಬಾಕಿ ಬರಬೇಕು. ಅದನ್ನು ವಸೂಲಿ ಮಾಡಲು ಅವನಿಗೆ ನಮ್ಮ ನಾಟಕದಲ್ಲಿ ಪಾತ್ರವೇ ಇಲ್ಲ. ಕುರುಕ್ಷೇತ್ರದ ಪರದೆ ಏಳುವ ಹೊತ್ತಿಗೆ ಅವನು ಸತ್ತು 13 ವರ್ಷದ ಮೇಲಾಗಿರುತ್ತದೆ. ನಡುರಾತ್ರಿ ಸನ್ಮಾನ ಶುರುವಾದಾಗ ಎದ್ದು ನಿಂತು ಕೇಳುವುದಕ್ಕಾದರೂ, ಕಡಿಮೆ ದುಡ್ಡು ಕಟ್ಟಿಸಿಕೊಂಡು, ಅವನ ವೇಷವೊಂದನ್ನು ಸೇರಿಸಿದರೆ ಹೇಗೆ?