ಮೂಕನಾದ ರಾಮ

ಹಳೆಯ ಅನಲಾಗ್ ಮಿಕ್ಸರ್ ಕೊಳ್ಳಲು ಹೋದಾಗ ನಾನು ಅವಸರ ಮಾಡಲಿಲ್ಲ, ಅದೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಮೈಕನ್ನು ಇಪ್ಪತ್ತನಾಲ್ಕೂ ಚಾನಲ್ಲಿಗೆ ಚುಚ್ಚಿ ಮಾತಾಡಿ ನೋಡಿದೆ. ಗೇನ್ ಗುಂಡಿ ತಿರುಗಿಸುವಾಗ ಎಲ್ಲೆಲ್ಲಿ ಕರಕರ ಅನ್ನುತ್ತದೆ ಎಂದು ಗುರುತು ಹಾಕಿಕೊಂಡೆ. ಫ್ಯಾಂಟಮ್ ಪವರ್ ಒತ್ತಿ ಮಲ್ಟಿಮೀಟರ್ ಹಿಡಿದರೆ 48 ವೋಲ್ಟ್ ಸರಿಯಾಗಿಯೇ ಇತ್ತು. ಪವರ್ ಸಪ್ಲೈ ಬೇರೆ ಡಬ್ಬಿಯಲ್ಲಿತ್ತು; ಅದರ ಕೆಪಾಸಿಟರ್ ಒಣಗಿದ್ದರೆ ಎಲ್ಲ ಚಾನಲ್ಲಿನಲ್ಲೂ ಗುಂಯ್ ಎಂಬ ಸದ್ದು ಸಮನಾಗಿ ಹರಡಿಕೊಳ್ಳುತ್ತದೆ. ಅದಕ್ಕೇ ಸ್ವಿಚ್ ಹಾಕಿ, ಚಹಾ ಕುಡಿದು ಬಂದು, ಬಿಸಿಯಾದ ಮೇಲೆ ಮತ್ತೆ ಹೆಡ್‌ಫೋನ್ ಹಾಕಿ ಕೇಳಿದೆ. ಎರಡು ಚಾನಲ್ ಸತ್ತಿದ್ದವು. ಮಾರುವವರ ಅನುಮತಿ ಪಡೆದು ತಳ ಬಿಚ್ಚಿ, ರಿಬ್ಬನ್ ಕೇಬಲ್ ಕಿತ್ತು ಪುನಃ ಕೂರಿಸಿದೆ. ಎರಡಕ್ಕೂ ಜೀವ ಬಂತು. ಆ ನೆಪದಲ್ಲೇ ಒಂದಿಷ್ಟು ರೇಟು ಇಳಿಸಿದ್ದೂ ಆಯಿತು.

ತಳ ಬಿಚ್ಚಿದಾಗ ಪ್ರತಿ ಚಾನಲ್ಲಿನ ಬೋರ್ಡಿನ ಮೇಲೂ ಮೂರು ಪಿನ್ನು, ಅದರಲ್ಲಿ ಎರಡರ ಮೇಲೆ ಕೂತ ಒಂದು ಕರಿ ಜಂಪರ್ ಕಾಣಿಸಿತ್ತು. ಉಗುರಿನಷ್ಟೂ ದೊಡ್ಡದಲ್ಲ. ಕಂಡಿತ್ತು, ಅಷ್ಟೆ. ಅದೇಕೆ ಅಲ್ಲಿದೆ ಎಂದು ನಾನು ಕೇಳಲಿಲ್ಲ.

ಇಂಥ ಮಿಕ್ಸರುಗಳು ನಮ್ಮಂಥವರ ಕೈಗೆಟುಕುವಂತಾದದ್ದು ಡಿಜಿಟಲ್ ಬಂದ ಮೇಲೆ. 2012ರಲ್ಲಿ ಬೆಹ್ರಿಂಗರ್‌ನವರ ಎಕ್ಸ್32 ಬಂತು. ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ 32 ಟ್ರ್ಯಾಕ್ ಬೇರೆಬೇರೆಯಾಗಿ ಕಂಪ್ಯೂಟರಿಗೆ ಹೋಗುತ್ತದೆ, ಹಿಂದಿನ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ ಎಂದಮೇಲೆ, ಇಬ್ಬರು ಸೇರಿ ಎತ್ತಬೇಕಾದ ಪೆಟ್ಟಿಗೆಯನ್ನು ವ್ಯಾನಿಗೆ ಹೇರುವ ಕಷ್ಟ ಯಾರಿಗೆ ಬೇಕು? ಸೌಂಡಿನವರು ಒಬ್ಬೊಬ್ಬರಾಗಿ ಹಳೆಯದನ್ನು ದಾಟಿಸಿದರು. ನನಗೆ ಮಾತ್ರ ಒಂದು ಗುಂಡಿಗೆ ಒಂದೇ ಕೆಲಸ ಇರುವ ಯಂತ್ರವೇ ಇಷ್ಟ. ಅನಲಾಗ್ ಸದ್ದು ಬೆಚ್ಚಗಿರುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವವನಲ್ಲ, ಆದರೆ ಕೊಂಡ ಮೇಲೆ ನಾಲ್ಕು ಜನರೆದುರು ಅದನ್ನೇ ಹೇಳಿದ್ದೂ ಉಂಟು.

ನನ್ನನ್ನು ನಿಜವಾಗಿ ಮರುಳು ಮಾಡಿದ್ದು ಹಿಂಬದಿಯಲ್ಲಿ ಪ್ರತಿ ಚಾನಲ್ಲಿಗೂ ಇದ್ದ ಡೈರೆಕ್ಟ್ ಔಟ್. ಯಕ್ಷಗಾನದ ರೆಕಾರ್ಡಿಂಗನ್ನು ಮಿಕ್ಸರಿನ ಮೇನ್ ಔಟಿನಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡವರಿಗೆ ಅದರ ಗತಿ ಗೊತ್ತು. ಚೆಂಡೆಗೆ ಸಭೆಯಲ್ಲಿ ಮೈಕೇ ಬೇಡ. ಮದ್ದಳೆಗೂ ಸ್ವಲ್ಪ ಕೊಟ್ಟರೆ ಸಾಕು. ಹಾಗಾಗಿ ರೆಕಾರ್ಡಿಂಗಿನಲ್ಲಿ ಭಾಗವತರ ಸ್ವರ ಕಿವಿಯೊಳಗೇ ಇರುತ್ತದೆ, ಚೆಂಡೆ ಪಕ್ಕದೂರಿನಲ್ಲಿ ಬಾರಿಸಿದ ಹಾಗೆ ಕೇಳುತ್ತದೆ. ಡೈರೆಕ್ಟ್ ಔಟ್ ಇದ್ದರೆ ಒಂದೊಂದು ಮೈಕೂ ಒಂದೊಂದು ಟ್ರ್ಯಾಕು. ಎಷ್ಟು ಬೇಕೋ ಅಷ್ಟು ಮನೆಯಲ್ಲಿ ಕೂತು ಬೆರೆಸಿಕೊಳ್ಳಬಹುದು. ಸಭೆಗೂ ಅದೇ, ರೆಕಾರ್ಡಿಂಗಿಗೂ ಅದೇ. ಎಂಟು ಚಾನಲ್ಲಿನ ಒಂದು ಆಡಿಯೊ ಇಂಟರ್‌ಫೇಸನ್ನೂ ತಂದೆ.

ಮೊದಲ ದೊಡ್ಡ ಕೆಲಸ ತಾಳಮದ್ದಳೆಯದ್ದು. ಪ್ರಸಂಗ ವಾಲಿಮೋಕ್ಷ. ಸಂಘಟಕರಿಗೆ ಅದನ್ನು ಶುದ್ಧವಾಗಿ ದಾಖಲಿಸಿ ಇಡುವ ಆಸೆ. ನಾಲ್ವರು ಅರ್ಥಧಾರಿಗಳು, ಭಾಗವತರು, ಮದ್ದಳೆ, ಚೆಂಡೆ: ಏಳು ಮೈಕು. ಎಂಟನೆಯದನ್ನು ಖಾಲಿ ಬಿಟ್ಟೆ. ಆ ಒಂದು ಚಾನಲ್ಲಿಗೆ ಸಭೆಯ ಮಧ್ಯದಲ್ಲಿ ಒಂದು ಮೈಕು ನಿಲ್ಲಿಸಿದ್ದರೂ ಈ ಕಥೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಸಭೆಯ ಸೌಂಡು ಚೆನ್ನಾಗಿಯೇ ನಡೆಯಿತು. ಬಾಯಿ ಬಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಕೂಯ್ ಅನ್ನುವ ಗಡಿ 3 ಡೆಸಿಬೆಲ್ ಹತ್ತಿರವಾಗುತ್ತದೆ. ಆದ್ದರಿಂದ ಮಾತಾಡದವರ ಫೇಡರನ್ನು ಕೆಳಗಿಳಿಸಿ, ಮಾತೆತ್ತುವ ಹೊತ್ತಿಗೆ ಏರಿಸುವುದು ನಮ್ಮ ಕಸುಬಿನಲ್ಲಿ ಬೆರಳಿಗೇ ಅಂಟಿದ ಅಭ್ಯಾಸ. ವಾಲಿ ಮಾತಿಗೆ ತೊಡಗಿದೊಡನೆ ರಾಮನ ಫೇಡರ್ ಕೆಳಗೆ. ಇಂಟರ್‌ಫೇಸಿನ ದೀಪಗಳ ಮೇಲೂ ಒಂದು ಕಣ್ಣಿಟ್ಟಿದ್ದೆ. ರಾಮನ ದೀಪ ಆರಿತ್ತು. ಮಾತಾಡುತ್ತಿಲ್ಲವಲ್ಲ, ಆರಲೇಬೇಕು ಎಂದುಕೊಂಡೆ.

ಮನೆಗೆ ಬಂದು ತೆರೆದು ನೋಡಿದರೆ ರಾಮನ ಟ್ರ್ಯಾಕಿನಲ್ಲಿ ನೇರ ಗೆರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಸುತ್ತಿ ಸುತ್ತಿ ಕೇಳುತ್ತಿದ್ದಾನೆ, ಎದುರಿನಿಂದ ಉಸಿರೂ ಇಲ್ಲ. ಅಂದು ಸಭೆಯಲ್ಲಿ ಹಾಗಿರಲಿಲ್ಲ. ರಾಮನ ಪಾತ್ರಧಾರಿ ನಡುನಡುವೆ ‘ಹೂಂ’ ಎನ್ನುತ್ತಿದ್ದರು, ‘ಹೇಳು’ ಎನ್ನುತ್ತಿದ್ದರು, ಒಮ್ಮೆ ಸಣ್ಣಗೆ ನಕ್ಕರು. ಆ ನಗುವನ್ನೇ ಹಿಡಿದುಕೊಂಡು ವಾಲಿ ಮುಂದಿನ ಹತ್ತು ಮಾತು ಕಟ್ಟಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಇರುವುದು ಈ ಎಳೆದಾಟವೇ. ಅದು ಬರಿಯ ಕಂಠದಿಂದಲೇ ಸಭೆಗೆ ತಲುಪಿದ್ದರಿಂದ, ಫೇಡರ್ ಇಳಿದಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ರಾಮ ಉತ್ತರ ಕೊಡಲು ತೊಡಗಿದಲ್ಲಿ ಇನ್ನೂ ಕೆಟ್ಟದಾಗಿತ್ತು: ನನ್ನ ಬೆರಳು ತಡವಾದಷ್ಟು ಮಾತು ತುಂಡಾಗಿ, ಪ್ರತಿ ಉತ್ತರವೂ ಶಬ್ದದ ಅರ್ಧದಿಂದ ಶುರುವಾಗುತ್ತಿತ್ತು.

ಆಮೇಲೆ ಮ್ಯಾನ್ಯುಯಲ್ ತೆಗೆದೆ. ಸಿಗ್ನಲ್ ಹೋಗುವ ದಾರಿಯ ನಕ್ಷೆಯಲ್ಲಿ ಡೈರೆಕ್ಟ್ ಔಟ್ ಫೇಡರಿನ ನಂತರ ಕೂತಿತ್ತು. ಫೇಡರಿಗೆ ಮೊದಲೇ ಸಿಗ್ನಲ್ ಬೇಕಿದ್ದವರು ಒಳಗಿನ ಜಂಪರನ್ನು ಪಕ್ಕದ ಪಿನ್ನಿಗೆ ಸರಿಸಿಕೊಳ್ಳಬೇಕು. ನಾನು ಕಂಡೂ ಕೇಳದೆ ಬಿಟ್ಟ ಅದೇ ಕರಿ ತುಂಡು. ಸ್ಟುಡಿಯೊ ಕೆಲಸದಲ್ಲಿ ಫೇಡರ್ ಒಂದೇ ಕಡೆ ನಿಲ್ಲುವುದರಿಂದ ಈ ಏರ್ಪಾಟಿನಿಂದ ತೊಂದರೆಯಿಲ್ಲ. ಸಭೆ ಮತ್ತು ರೆಕಾರ್ಡಿಂಗ್ ಎರಡನ್ನೂ ಒಂದೇ ಕೈಯಲ್ಲಿ ಮಾಡುವವನಿಗೆ ಮಾತ್ರ ಇದು ಗುಂಡಿ ತೋಡುತ್ತದೆ.

ವಾಲಿಯ ಅರ್ಥ ಹೇಳಿದ ಹಿರಿಯರಿಗೆ ಒಂದು ಪ್ರತಿ ಕೇಳಿಸಲೇಬೇಕಾಯಿತು. ಕೋಪ ಮಾಡಲಿಲ್ಲ. ‘ನಾನು ಮಾತಾಡಿದ್ದೆಲ್ಲ ಚಂದ ಬಂದುಂಟು ಮಾರಾಯಾ. ಯಾರ ಹತ್ರ ಮಾತಾಡಿದ್ದು ಅಂತ ಮಾತ್ರ ಇಲ್ಲ’ ಎಂದರು.

ಸಂಘಟಕರ ಮೂಲಕ ವಿಚಾರಿಸಿದಾಗ, ಎರಡನೆಯ ಸಾಲಿನಲ್ಲಿ ಕೂತ ಹುಡುಗನೊಬ್ಬ ಮೊಬೈಲಿನಲ್ಲಿ ಪೂರ್ತಿ ಹಿಡಿದಿದ್ದು ಗೊತ್ತಾಯಿತು. ಕೆಮ್ಮು, ಕುರ್ಚಿ ಎಳೆದದ್ದು, ಅಂಬಡೆ ಹಂಚುವವರ ಗುಸುಗುಸು, ಎಲ್ಲ ಇತ್ತು. ರಾಮನ ನಗುವೂ ಇತ್ತು. ಅದನ್ನು ನನ್ನ ಟ್ರ್ಯಾಕುಗಳ ಕೆಳಗೆ ಹಾಸಲು ಹೊರಟರೆ ಎರಡು ಯಂತ್ರಗಳ ಗಡಿಯಾರ ಒಂದೇ ಅಲ್ಲವಾದ್ದರಿಂದ ಸ್ವಲ್ಪ ಹೊತ್ತಿಗೆಲ್ಲ ಧ್ವನಿ ಎರಡೆರಡಾಗಿ ಕೇಳತೊಡಗಿತು. ಕತ್ತರಿಸಿ, ಸರಿಸಿ, ಮತ್ತೆ ಕತ್ತರಿಸಿ ಹೇಗೋ ಹೊಂದಿಸಿದೆ. ಸಂಘಟಕರು ಎರಡನ್ನೂ ಕೇಳಿ, ಹುಡುಗನದ್ದನ್ನೇ ಹಾಗೇ ವಾಟ್ಸಾಪಿನಲ್ಲಿ ಹಂಚಿದರು. ಅವರದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಇಪ್ಪತ್ತನಾಲ್ಕು ಬೋರ್ಡು ಹೊರತೆಗೆದು ಜಂಪರ್ ಸರಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಬದಲಿಗೆ ಇನ್ಸರ್ಟ್ ಸಾಕೆಟ್ಟಿನಿಂದ ಸಿಗ್ನಲ್ ಎಳೆಯುತ್ತಿದ್ದೇನೆ. ಈ ಮಿಕ್ಸರಿನಲ್ಲಿ ಅದು ಫೇಡರಿಗೆ ಮೊದಲೇ ಬರುತ್ತದೆ. ಸ್ಟೀರಿಯೊ ಜ್ಯಾಕಿನ ಟಿಪ್ ಮತ್ತು ರಿಂಗ್ ಎರಡನ್ನೂ ಸೇರಿಸಿ ಬೆಸುಗೆ ಹಾಕಿದರೆ ಸಿಗ್ನಲ್ ಹೊರಗೂ ಬರುತ್ತದೆ, ಮಿಕ್ಸರಿಗೆ ವಾಪಸ್ಸೂ ಹೋಗುತ್ತದೆ. ಸಾದಾ ಜ್ಯಾಕನ್ನು ಅರ್ಧ ತೂರಿಸಿ ಒಂದು ಕ್ಲಿಕ್ಕಿಗೆ ನಿಲ್ಲಿಸುವವರೂ ಇದ್ದಾರೆ. ಯಾರಾದರೂ ವಯರು ಎಡವಿದರೆ ಸಭೆಯ ಮೈಕೇ ಹೋಗುತ್ತದೆ, ಹಾಗಾಗಿ ನಾನು ಅದಕ್ಕೆ ಒಪ್ಪುವುದಿಲ್ಲ.

ಹಳೆ ಮಿಕ್ಸರ್ ನೋಡಲು ಹೊರಟಿದ್ದರೆ ಮೈಕಿನ ಜೊತೆ ಒಂದು ಸಣ್ಣ ರೆಕಾರ್ಡರನ್ನೂ ಒಯ್ಯಿರಿ. ಡೈರೆಕ್ಟ್ ಔಟಿಗೆ ಅದನ್ನು ಚುಚ್ಚಿ ಒಬ್ಬರು ಮಾತಾಡುತ್ತಿರಲಿ, ಇನ್ನೊಬ್ಬರು ಆ ಚಾನಲ್ಲಿನ ಫೇಡರನ್ನು ಪೂರ್ತಿ ಕೆಳಗೆಳೆಯಲಿ. ಸದ್ದು ನಿಂತರೆ ಕೊಳ್ಳಬೇಡಿ ಎಂದಲ್ಲ. ಜಂಪರ್ ಎಲ್ಲಿದೆ, ಸರಿಸಲು ಏನೇನು ಬಿಚ್ಚಬೇಕು ಎಂದು ರೇಟು ಮಾತಾಡುವ ಮೊದಲೇ ಕೇಳಿಕೊಳ್ಳಿ.